ಹೊಸ ಪೋರ್ಟು ಮತ್ತು ಬೊಮ್ಮಕ್ಕನ ಕಿರುಬೆರಳು

ನಮ್ಮೂರಿನಲ್ಲಿ ಬರೆದದ್ದು ಒಂದು ಮಂಡಲ ಉಳಿಯುತ್ತದೆ. ಅಂದರೆ ನಲವತ್ತೆಂಟು ದಿನ. ನಲವತ್ತೊಂಬತ್ತನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಕಾಗದ ಇರುತ್ತದೆ, ಅಕ್ಷರ ಇರುವುದಿಲ್ಲ. ಅಂಗಡಿಯ ಬೋರ್ಡು, ಹೊಲದ ಪತ್ರ, ಶಾಲೆಯ ಪುಸ್ತಕ, ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಯಾರೋ ಗೀಚಿದ ಬೈಗುಳ, ಎಲ್ಲಕ್ಕೂ ಒಂದೇ ನಿಯಮ. ಹೊರಗಿನಿಂದ ಬಂದದ್ದಕ್ಕೆ ಗಡಿಕಲ್ಲು ದಾಟಿದ ದಿನದಿಂದ ಎಣಿಕೆ. ಒಮ್ಮೆ ನಮ್ಮೂರ ಗಾಳಿ ಸೋಕಿತೋ, ಆಮೇಲೆ ಎಲ್ಲಿಗೆ ಒಯ್ದು ಬಚ್ಚಿಟ್ಟರೂ ಅದರ ಗತಿ ಅಷ್ಟೇ. ಇದು ಯಾಕೆ ಹೀಗೆ ಎಂದು ನಾವ್ಯಾರೂ ತಲೆ ಕೆಡಿಸಿಕೊಂಡವರಲ್ಲ. ಮಂಡಲ ತುಂಬುವುದರೊಳಗೆ ನಕಲು ಮಾಡಿಕೊಂಡರಾಯಿತು, ನಕಲಿಗೆ ಮತ್ತೆ ನಲವತ್ತೆಂಟು ದಿನ ಸಿಗುತ್ತದೆ. ಬೇಕೆಂದೇ ನಕಲು ಮಾಡದೆ ಬಿಡುವವರೂ ಇದ್ದಾರೆ. ಹಳೆಯ ಪ್ರೇಮಪತ್ರ ಕೈಗೆ ಸಿಕ್ಕಿ ಸಂಸಾರ ಮುರಿದ ಉದಾಹರಣೆ ನಮ್ಮೂರಿನಲ್ಲಿ ಒಂದೂ ಇಲ್ಲ.

ನಾನು ನಕಲುಮನೆಯ ರಂಗಧಾಮ. ನಮ್ಮಪ್ಪನ ಕಾಲದಲ್ಲಿ ಇದು ಶಾಯಿ ಮತ್ತು ಲೇಖನಿಯ ಕೆಲಸವಾಗಿತ್ತು. ಮೂಲದಲ್ಲಿ ಶಾಯಿಯ ಕಲೆ ಇದ್ದರೆ ನಕಲಿನಲ್ಲೂ ಅದೇ ಜಾಗದಲ್ಲಿ ಕಲೆ ಹಾಕಬೇಕು ಎಂದು ಅಪ್ಪ ಹೇಳಿಕೊಟ್ಟಿದ್ದರು. ಯಾವುದು ಕಲೆ, ಯಾವುದು ವಿಷಯ ಎಂದು ತೀರ್ಮಾನಿಸಲು ನೀನು ಯಾವ ಊರ ದೊಣ್ಣೆನಾಯಕ ಎನ್ನುವುದು ಅವರ ಪ್ರಶ್ನೆ. ಇನ್ನೊಂದು ಮಾತು ಹೇಳಿಕೊಟ್ಟಿದ್ದರು. ನಕಲು ಆಗುವಾಗ ನಕಲುಗಾರ ಎದ್ದು ಹೋಗಬಾರದು, ಕೂತು ನೋಡಬೇಕು. ಕಂಪ್ಯೂಟರು ಬಂದ ಮೇಲೂ ನಾನು ಇವೆರಡನ್ನು ಬಿಟ್ಟಿಲ್ಲ. ಒಂದು ಹಾರ್ಡ್ ಡಿಸ್ಕಿನಿಂದ ಇನ್ನೊಂದಕ್ಕೆ ಫೈಲುಗಳು ಹೋಗುತ್ತಿರುವಾಗ ಅದರಲ್ಲಿ ಏನಿದೆಯೋ ಅದನ್ನೇ ತೆರೆದು, ಕೆನ್ನೆಗೆ ಕೈ ಕೊಟ್ಟು ನೋಡುತ್ತಾ ಕೂರುತ್ತೇನೆ. ಹಾಗಾಗಿ ಊರಿನ ಎಲ್ಲ ಮದುವೆಗಳ ಎಲ್ಲ ಊಟದ ಪಂಕ್ತಿಗಳನ್ನೂ ನಾನು ಹತ್ತಾರು ಸಲ ನೋಡಿದ್ದೇನೆ. ಯಾರು ಎರಡನೇ ಸಲ ಹೋಳಿಗೆ ಹಾಕಿಸಿಕೊಂಡರು ಎಂಬುದು ನನಗೆ ಗೊತ್ತು.

ಊರಿಗೆಲ್ಲ ಇರುವುದು ಪಂಚಾಯಿತಿ ಕೊಡಿಸಿದ ಇದೊಂದೇ ಕಂಪ್ಯೂಟರು. ಅದರ ಆಪರೇಟಿಂಗ್ ಸಿಸ್ಟಮ್ಮೂ ಬರೆದದ್ದೇ ಆದ್ದರಿಂದ ಅದನ್ನೂ ಮಂಡಲಕ್ಕೊಮ್ಮೆ ಹೊಸದಾಗಿ ಹಾಕುತ್ತೇನೆ. ಅದರ ಯುಎಸ್‌ಬಿ ಪೋರ್ಟುಗಳು ಹಳೆಯ ಕಾಲದವು, ಬಲು ನಿಧಾನ. ಜನ ಫೋಟೊಗಳನ್ನಷ್ಟೇ ತರುತ್ತಿದ್ದಾಗ ಎಲ್ಲರ ಡಿಸ್ಕೂ ನಕಲಾಗುವ ಊರಿನ ಒಂದು ಸುತ್ತು ಇಪ್ಪತ್ತು ದಿನಕ್ಕೆ ಮುಗಿಯುತ್ತಿತ್ತು. ವಿಡಿಯೊ ಬಂದ ಮೇಲೆ ಮೂವತ್ತಾಯಿತು, ನಲವತ್ತಾಯಿತು. ಕಳೆದ ವರ್ಷ ಪಂಚಾಯಿತಿಯ ಹಿರಿಯರಾದ ಪರಮೇಶಪ್ಪನವರು ಮೊಮ್ಮಗಳ ಮದುವೆಯನ್ನು ಪೇಟೆಯಲ್ಲಿ ಮಾಡಿ, ನಾಲ್ಕು ಕ್ಯಾಮೆರಾದಲ್ಲಿ ಹಿಡಿಸಿ, ಸಾಲದೆಂದು ಆಕಾಶಕ್ಕೂ ಒಂದನ್ನು ಹಾರಿಸಿದ್ದರು. ಆ ಡಿಸ್ಕು ಬಂದ ದಿನ ನಾನು ಕೂಡಿ ನೋಡಿದೆ. ಊರಿನ ಸುತ್ತಿಗೆ ನಲವತ್ತೊಂಬತ್ತು ದಿನ ಬೇಕಾಗುತ್ತಿತ್ತು. ಮಂಡಲಕ್ಕಿಂತ ಒಂದು ದಿನ ಹೆಚ್ಚು.

ಪಂಚಾಯಿತಿ ಕೂತಿತು. ಯಾವುದಾದರೂ ಒಂದು ಡಿಸ್ಕನ್ನು ಸುತ್ತಿನಿಂದ ಕೈಬಿಡಬೇಕು. ಒಬ್ಬೊಬ್ಬರೂ ಬೇರೆಯವರ ಮದುವೆಯ ಕಡೆಗೆ ಬೆರಳು ತೋರಿಸಿದರು. ಕೊನೆಗೆ ಪರಮೇಶಪ್ಪನವರೇ ಗಂಟಲು ಸರಿಮಾಡಿಕೊಂಡರು.

"ಅಲ್ಲಪ್ಪ ರಂಗಧಾಮ, ಆ ಕೆಂಚಮ್ಮಂದು ಒಂದೇ ಡಿಸ್ಕು ಎಲ್ಡು ದಿನ ತಿಂತತೆ ಅಂತೀಯಲ್ಲ. ಅದರಾಗೆ ಏನೈತೆ? ಅವರವ್ವ ಕೈ ಆಡಿಸ್ತಾ ಕುಂತಿರೋದು. ನೋಡಿದ್ರೆ ನಮಗ್ಯಾರಿಗಾದ್ರೂ ತಿಳೀತತಾ?"

ಕೇಳಿದ ರೀತಿಯಲ್ಲಿ ದುರುದ್ದೇಶವೇನೂ ಇರಲಿಲ್ಲ, ಅದೇ ಕಷ್ಟ. ಕೆಂಚಮ್ಮ ಊರಿನ ರವಿಕೆ ಹೊಲಿಯುವವಳು. ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಓದು ಬರಹ ಅವಳ ಹೆಸರು ಮತ್ತು ಅಳತೆಯ ಅಂಕಿಗಳಿಗೆ ಮುಗಿಯುತ್ತದೆ. ಅವಳ ತಾಯಿ ಬೊಮ್ಮಕ್ಕ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಯಾವ ಶಾಲೆಯೂ ಕಲಿಸದ, ತಾವಿಬ್ಬರೇ ಕೂತು ಮಾಡಿಕೊಂಡ ಸನ್ನೆಗಳಲ್ಲಿ ತಾಯಿ ಮಗಳು ಮೂವತ್ತು ವರ್ಷ ಮಾತಾಡಿದರು. ಗಿರಣಿಯ ಹಿಟ್ಟು ಎದೆಗೆ ಇಳಿದು ಬೊಮ್ಮಕ್ಕ ಹಾಸಿಗೆ ಹಿಡಿಯುವ ಮೊದಲು ಮದುವೆಯ ಕ್ಯಾಮೆರಾ ಬಾಡಿಗೆಗೆ ತಂದು, ಅದರ ಮುಂದೆ ಮೂರು ತಿಂಗಳು ಕೂತು, ಮಗಳಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಹೋದಳು. ಕಾಗದದ ಮೇಲಿನ ಮಾತನ್ನು ಇನ್ನೊಂದು ಕಾಗದಕ್ಕೆ ಬರೆದುಕೊಳ್ಳಬಹುದು. ಹಾಡನ್ನು ಬಾಯಿಪಾಠ ಮಾಡಬಹುದು. ಇದನ್ನು ಹೇಗೆ ಬರೆದುಕೊಳ್ಳುವುದು?

"ಒಂದು ಮಂಡಲ ಟೈಮ್ ಕೊಡ್ರಿ," ಅಂದೆ. "ಪೇಟೆಯಾಗೆ ಹೊಸಾ ಪೋರ್ಟಿನ ಕಾರ್ಡು ಸಿಗ್ತತಂತೆ. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಸಿಗಿಸಿದ್ರೆ ನಾಕು ಪಟ್ಟು ಜೋರಾಗ್ತತೆ. ಆಗ ಯಾರದ್ದೂ ಬಿಡೋದು ಬ್ಯಾಡ."

"ಆಗ್ಲಿಲ್ಲ ಅಂದ್ರೆ?"

"ಆಗ್ಲಿಲ್ಲ ಅಂದ್ರೆ ಕೆಂಚಮ್ಮಂಗೆ ನಾನೇ ಹೇಳ್ತೀನಿ."

ಈ ಸುತ್ತಿಗೆ ಮಾತ್ರ ಆಕಾಶದ ವಿಡಿಯೊ ಬಿಡಲು ಪರಮೇಶಪ್ಪನವರು ಒಪ್ಪಿದರು. ಪೇಟೆಗೆ ಟೆಂಪೊ ಹೊಡೆಯುವ ದಾದಾಪೀರ್ ಎರಡೇ ದಿನದಲ್ಲಿ ಕಾರ್ಡು ತಂದುಕೊಟ್ಟ. ಅಂಗೈಯಗಲದ ಹಸಿರು ತಗಡು, ಅದರ ಅಂಚಿನಲ್ಲಿ ಎರಡು ನೀಲಿ ಪೋರ್ಟು, ಜೊತೆಗೊಂದು ಸಿಡಿ. ಕಾರ್ಡು ಹೇಳುವುದು ಕಂಪ್ಯೂಟರಿಗೆ ತಿಳಿಯಬೇಕಾದರೆ ನಡುವೆ ಡ್ರೈವರ್ ಎಂಬ ಸಣ್ಣ ಪ್ರೋಗ್ರಾಮು ಬೇಕು. ಅದು ಆ ಸಿಡಿಯಲ್ಲಿತ್ತು. ಆದರೆ ಊರಿನ ಸುತ್ತು ಆಗತಾನೇ ಶುರುವಾಗಿತ್ತು. ಸುತ್ತಿನ ನಡುವೆ ಕಂಪ್ಯೂಟರು ಬಿಚ್ಚಿ ಏನಾದರೂ ಹೆಚ್ಚುಕಡಿಮೆಯಾದರೆ ಇಡೀ ಊರು ನನ್ನ ಅಂಗಳದಲ್ಲಿ ನಿಲ್ಲುತ್ತದೆ. ಸುತ್ತು ಮುಗಿಯಲಿ ಎಂದು ಪೆಟ್ಟಿಗೆಯನ್ನು ಹಾಗೆಯೇ ಮೇಜಿನ ಖಾನೆಯಲ್ಲಿಟ್ಟೆ.

ಸುತ್ತು ಮುಗಿಸಿ, ಕಾರ್ಡು ಬಂದ ಐವತ್ತನೆಯ ದಿನ ಖಾನೆ ಎಳೆದೆ. ಪೆಟ್ಟಿಗೆ ಬಿಳಿ ಪೆಟ್ಟಿಗೆಯಾಗಿತ್ತು. ಸಿಡಿಯ ಮೇಲೆ ಒಂದಕ್ಷರ ಇರಲಿಲ್ಲ, ಒಳಗೂ ಇರಲಿಲ್ಲ. ಕಾರ್ಡಿನ ನಡುವಿನ ಕಪ್ಪು ಚಿಪ್ಪಿನ ಮೇಲೆ ಸಣ್ಣ ಬಿಳಿ ಅಕ್ಷರದಲ್ಲಿ ಹೆಸರಿತ್ತೆಂದು ನೆನಪು. ಭೂತಕನ್ನಡಿ ಹಿಡಿದು ನೋಡಿದೆ. ಎಣ್ಣೆ ಹಚ್ಚಿದ ಕಾವಲಿಯಂತೆ ಬರೀ ಕಪ್ಪು. ನಲವತ್ತು ವರ್ಷ ಊರಿನವರಿಗೆಲ್ಲ ದಿನ ಎಣಿಸಿಕೊಟ್ಟ ನಾನು ನನ್ನ ಖಾನೆಯೊಳಗಿನದ್ದನ್ನು ಎಣಿಸಿರಲಿಲ್ಲ. ಅದು ಯಾರ ಮದುವೆಯೂ ಅಲ್ಲ, ಯಾರ ಹೊಲವೂ ಅಲ್ಲ, ಹಾಗಾಗಿ ಅದೂ ಬರೆದದ್ದೇ ಎಂದು ಹೊಳೆಯಲೇ ಇಲ್ಲ. ನಾಚಿಕೆಯಿಂದ ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಂಡು ಕೂತೆ.

ಕೆಂಚಮ್ಮನ ಡಿಸ್ಕಿಗೆ ಆಗ ಆರು ದಿನ ಉಳಿದಿತ್ತು. ಪಂಚಾಯಿತಿ ಕೊಟ್ಟ ಗಡುವೂ ಮುಗಿದಿತ್ತು, ಹೊಸ ಸುತ್ತಿನ ಸರದಿಯಲ್ಲಿ ಅವಳ ಹೆಸರಿಗೆ ಜಾಗವಿರಲಿಲ್ಲ. ಹಳೆಯ ಪೋರ್ಟಿನಲ್ಲೇ ಕದ್ದು ಹಾಕೋಣವೆಂದರೆ, ಅವಳಿಗೆ ಕೊಟ್ಟ ಎರಡು ದಿನ ಬೇರೆ ಯಾರದ್ದೋ ಡಿಸ್ಕಿನ ಕೊನೆಯ ಎರಡು ದಿನ.

ದಾದಾಪೀರ್ ಪೇಟೆಯ ಅಂಗಡಿಗೆ ಕಾರ್ಡು ಹಿಡಿದುಕೊಂಡು ಹೋಗಿ ಬಂದ. "ರಂಗಧಾಮಣ್ಣ, ಪೆಟ್ಟಿಗೆ ತೋರಿಸು ಅಂದ್ರು. ತೋರಿಸ್ದೆ. ನಕ್ರು. ಇಂಥಾ ಕಾರ್ಡು ಮೂಟೆ ಲೆಕ್ಕದಾಗೆ ಬರ್ತವಂತೆ, ಐದಾರು ಕಂಪ್ನೀವು. ಮ್ಯಾಲೆ ನೋಡಾಕೆ ಎಲ್ಲಾ ಒಂದೇ, ಒಳಗಿನ ಚಿಪ್ಪು ಬ್ಯಾರೆ ಬ್ಯಾರೆ. ಹೆಸರಿಲ್ದೆ ಡ್ರೈವರ್ ಹುಡುಕೋದು ಆಗದ ಮಾತು ಅಂದ್ರು."

"ಇನ್ನೊಂದು ಕಾರ್ಡೇ ತಂದುಬಿಡಬೇಕಾಗಿತ್ತು ಮಾರಾಯ."

"ಅದನ್ನ ಕೇಳ್ದೆ ಬರ್ತೀನಾ? ಖಾಲಿಯಂತೆ. ಹದಿನೈದು ದಿನ ಆಗ್ತತಂತೆ."

ನಮ್ಮೂರಿಗೆ ಇಂಟರ್ನೆಟ್ಟು ಟೆಲಿಫೋನ್ ತಂತಿಯಲ್ಲಿ ಬರುತ್ತದೆ, ಬಂದರೆ. ಕಾರ್ಡನ್ನು ಕಂಪ್ಯೂಟರಿನ ಹೊಟ್ಟೆಗೆ ಸಿಗಿಸಿ, ಮುಚ್ಚಳ ತೆರೆದೇ ಇಟ್ಟು, ಹೆಸರಿಲ್ಲದ ಅದರ ಡ್ರೈವರಿಗಾಗಿ ನಾನು ಮೂರು ದಿನ ಹುಡುಕಿದೆ. ಪುಟದ ತುಂಬ ಹಸಿರು ಗುಂಡಿಗಳು, ಇಲ್ಲಿ ಒತ್ತಿ, ಇಲ್ಲಿ ಒತ್ತಿ ಎಂದು ಕೈ ಬೀಸಿ ಕರೆಯುವಂಥವು. ಮೊದಲನೆಯದನ್ನು ಒತ್ತಿ ಇಳಿಸಿಕೊಂಡರೆ, ನಿಮ್ಮ ಕಂಪ್ಯೂಟರಿನಲ್ಲಿ ಆರುನೂರ ಹನ್ನೆರಡು ದೋಷಗಳಿವೆ ಎಂದು ಎದೆ ಬಡಿದುಕೊಳ್ಳುವ ಪ್ರೋಗ್ರಾಮು ಬಂದು ಕೂತಿತು. ಎರಡನೆಯದು ಯಾವುದೋ ಪ್ರಿಂಟರಿನದು. ಮೂರನೆಯದನ್ನು ಹಾಕಿದ ಕೂಡಲೇ ಪರದೆ ನೀಲಿಯಾಗಿ ಕಂಪ್ಯೂಟರೇ ಮಲಗಿತು, ಅದನ್ನು ಎಬ್ಬಿಸುವಷ್ಟರಲ್ಲಿ ಅರ್ಧ ದಿನ ಹೋಯಿತು. ಪರದೆಯಲ್ಲಿ ಕಾರ್ಡಿನ ಜಾಗದಲ್ಲಿ ಒಂದು ಹಳದಿ ಗುರುತು ಬರುತ್ತಿತ್ತು. ಅದರ ಪಕ್ಕದಲ್ಲಿ ಅಪರಿಚಿತ ಸಾಧನ ಎಂಬ ಮಾತು. ಹಳೆಯ ನೆಂಟನನ್ನು ಗುರುತಿಸದ ಮನೆಯವರ ಥರ ಕಂಪ್ಯೂಟರು ಅದನ್ನು ಬಾಗಿಲಲ್ಲೇ ನಿಲ್ಲಿಸಿತ್ತು.

ಮೂರು ದಿನ ಉಳಿದಿರುವಾಗ ಕೆಂಚಮ್ಮ ಬಂದಳು. ಪ್ರತಿ ಮಂಡಲವೂ ತನ್ನ ಡಿಸ್ಕಿನ ಸರದಿಯ ಎರಡು ದಿನ ಅವಳು ಹೊಲಿಗೆಯ ಚೀಲ, ಊಟದ ಡಬ್ಬಿ ಹಿಡಿದು ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದಳು. ನಾನು ಪರದೆ ನೋಡುತ್ತಿದ್ದೆ, ಅವಳು ಗುಂಡಿ ಹೊಲಿಯುತ್ತಾ ಆಗಾಗ ಪರದೆ ನೋಡುತ್ತಿದ್ದಳು. ಒಂಬತ್ತು ವರ್ಷದಲ್ಲಿ ನಮ್ಮಿಬ್ಬರ ನಡುವೆ ಮಾತು ಎಂದರೆ ದಿನ ಎಣಿಸಿ ತೋರಿಸುವ ಬೆರಳು, ಊಟ ಆಯಿತಾ ಎಂದು ಹೊಟ್ಟೆ ತೋರಿಸುವುದು, ಇಷ್ಟೇ. ಆವತ್ತೂ ಡಬ್ಬಿ ಇಟ್ಟು ಸ್ಟೂಲು ಎಳೆದುಕೊಂಡಳು. ನಾನು ಡಿಸ್ಕನ್ನು ಸಿಗಿಸಲಿಲ್ಲ. ಅವಳು ಡಿಸ್ಕಿನ ಕಡೆ, ಪೋರ್ಟಿನ ಕಡೆ, ನನ್ನ ಕಡೆ ನೋಡಿದಳು.

ನಾನೇ ಹೇಳುತ್ತೇನೆ ಎಂದು ಒಪ್ಪಿಕೊಂಡು ಬಂದಿದ್ದೆನಲ್ಲ. ಹೇಗೆ ಹೇಳುವುದು? ಚೀಟಿ ಬರೆದರೆ ಅವಳಿಗೆ ಓದಲು ಬಾರದು. ಕೊನೆಗೆ ಕೈ ಎತ್ತಿದೆ. ಪೋರ್ಟನ್ನು ತೋರಿಸಿ, ಎರಡೂ ಅಂಗೈ ಒಂದರ ಮೇಲೊಂದು ನಿಧಾನ ಎಳೆದೆ. ತಡ. ಊರನ್ನು ತೋರಿಸುವಂತೆ ಕೈಯನ್ನು ಸುತ್ತಲೂ ತಿರುಗಿಸಿ, ಮುಷ್ಟಿ ಹೊಟ್ಟೆಗೆ ಒತ್ತಿ ಕೆನ್ನೆ ಉಬ್ಬಿಸಿದೆ. ತುಂಬಿದೆ, ಹಿಡಿಸುವುದಿಲ್ಲ. ಡಿಸ್ಕನ್ನು ಮುಟ್ಟಿ, ಅಂಗೈಯಿಂದ ಹಿಟ್ಟು ಊದಿದ ಹಾಗೆ ಊದಿದೆ. ಹೋಗುತ್ತದೆ. ತಪ್ಪು ನನ್ನದು ಎಂದು ಕಿವಿಯ ಹಿಂದೆ ಬಡಿದುಕೊಂಡೆ.

ಹೇಳಿ ಮುಗಿಸಿದ ಮೇಲೆ ನನಗೇ ತಿಳಿಯಿತು, ನಾನು ತಡವರಿಸಿರಲಿಲ್ಲ. ಅರವತ್ತಕ್ಕೂ ಹೆಚ್ಚು ಸಲ ಪೂರ್ತಿ ನೋಡಿದ್ದ ಬೊಮ್ಮಕ್ಕನ ಮಾತು ನನ್ನ ಕೈಗೆ ಬಂದು ಕೂತಿತ್ತು.

ಕೆಂಚಮ್ಮನ ಕಣ್ಣು ಡಿಸ್ಕಿನ ಮೇಲಿರಲಿಲ್ಲ. ಅವಳು ನನ್ನ ಬಲಗೈಯನ್ನೇ ನೋಡುತ್ತಿದ್ದಳು. ಮೆಲ್ಲಗೆ ಕೈ ಚಾಚಿ ನನ್ನ ಕಿರುಬೆರಳು ಹಿಡಿದಳು. ಅದು ಒಳಕ್ಕೆ ಕೊಕ್ಕೆಯ ಹಾಗೆ ಬಾಗಿತ್ತು. ಬೊಮ್ಮಕ್ಕನ ಕಿರುಬೆರಳು ಗಿರಣಿಯ ಬೆಲ್ಟಿಗೆ ಸಿಕ್ಕಿ ಹಾಗೆಯೇ ಬಾಗಿ ನಿಂತಿತ್ತು. ಕೆಂಚಮ್ಮ ನನ್ನ ಬೆರಳನ್ನು ನೇರ ಮಾಡಿ ನೋಡಿದಳು. ನೇರವಾಯಿತು, ಅದಕ್ಕೇನೂ ಆಗಿರಲಿಲ್ಲ. ಬಿಟ್ಟಳು. ಮತ್ತೆ ಹೇಳು ಎಂದು ಗದ್ದ ಎತ್ತಿದಳು. ನಾನು ಮತ್ತೆ ಹೇಳಿದೆ. ಬೆರಳು ಮತ್ತೆ ಬಾಗಿತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, ಏನಾಯಿತು ಸರಿಯಾಗಿ ಹೇಳು ಎಂದು ಸ್ಟೂಲನ್ನು ಹತ್ತಿರ ಎಳೆದುಕೊಂಡಳು. ಬಿಳಿ ಪೆಟ್ಟಿಗೆ ತೋರಿಸಿದೆ, ಕಪ್ಪು ಚಿಪ್ಪು ತೋರಿಸಿದೆ. ಇದರ ಹೆಸರು ಹೋಗಿದೆ, ಹೆಸರಿಲ್ಲದೆ ಇದಕ್ಕೆ ಬೇಕಾದ್ದು ಸಿಗುವುದಿಲ್ಲ ಎಂದೆ. ಅವಳು ನಕ್ಕಳು. ಹೆಸರು ಕೇಳದ ಕಿವಿಯವಳಿಗೆ ಹೆಸರು ಹೋಯಿತೆಂಬ ಅಳು ತಮಾಷೆಯಾಗಿ ಕಂಡಿರಬೇಕು. ಚಿಪ್ಪನ್ನು ಬೆರಳಿಂದ ತಟ್ಟಿ, ಗದ್ದ ಎತ್ತಿ, ಹುಬ್ಬು ಹಾರಿಸಿದಳು. ನನಗೆ ಆ ಸನ್ನೆ ಗೊತ್ತಿತ್ತು. ಬೊಮ್ಮಕ್ಕನ ವಿಡಿಯೊದಲ್ಲಿ ಒಂದು ಕಡೆ ಯಾರದ್ದೋ ಮೇಕೆಮರಿ ಜಗಲಿ ಹತ್ತಿ ಬರುತ್ತದೆ. ಬೊಮ್ಮಕ್ಕ ಮಗಳಿಗೆ ಹೇಳುತ್ತಿದ್ದ ಮಾತು ನಿಲ್ಲಿಸಿ, ಮರಿಯ ಹಣೆ ತಟ್ಟಿ ಹೀಗೆಯೇ ಕೇಳುತ್ತಾಳೆ. ಯಾರು ನೀನು? ಯಾರ ಮನೆಯವನು? ಅದನ್ನೇ ಕೇಳು ಎನ್ನುತ್ತಿದ್ದಳು ಕೆಂಚಮ್ಮ.

ಅದನ್ನೇ ಕೇಳುವುದೇ? ಕಾರ್ಡು ಬಾಯಿ ಬಿಟ್ಟು ಹೇಳುತ್ತದೆಯೇ ಎಂದು ರೇಗುವಷ್ಟರಲ್ಲಿ ಒಂದು ಸಂಗತಿ ಹೊಳೆಯಿತು. ಕಂಪ್ಯೂಟರು ಶುರುವಾಗುವಾಗ ತನ್ನ ಹೊಟ್ಟೆಯೊಳಗಿನ ಪ್ರತಿಯೊಂದು ಕಾರ್ಡನ್ನೂ ನೀನು ಯಾರು ಎಂದು ಕೇಳುತ್ತದೆ. ಕೇಳದಿದ್ದರೆ ಹಳದಿ ಗುರುತಾದರೂ ಎಲ್ಲಿಂದ ಬರಬೇಕು? ಆ ಗುರುತಿನ ಮೇಲೆ ಒತ್ತಿ, ಅದರ ವಿವರಗಳ ಪುಟಕ್ಕೆ ಹೋಗಿ, ನಾನು ಯಾವತ್ತೂ ಬಿಚ್ಚದ ಒಂದು ಪಟ್ಟಿ ಬಿಚ್ಚಿದೆ. ಇಂಗ್ಲಿಷ್ ಅಕ್ಷರ, ಅಂಕಿ ಸೇರಿದ ಉದ್ದ ಸಾಲು ಅಲ್ಲಿತ್ತು. ಮೊದಲ ನಾಲ್ಕು ಯಾವ ಮನೆಯವನು ಎಂಬುದಕ್ಕೆ, ಮುಂದಿನ ನಾಲ್ಕು ಯಾರು ಎಂಬುದಕ್ಕೆ. ಅದು ಚಿಪ್ಪಿನ ಮೇಲೆ ಬರೆದದ್ದಲ್ಲ, ಚಿಪ್ಪು ಹುಟ್ಟಿದ್ದೇ ಹಾಗೆ. ನಮ್ಮೂರಿನಲ್ಲಿ ಹೋಗುವುದು ಬರೆದದ್ದು ಮಾತ್ರ. ಕಾರ್ಡು ಹೆಸರು ಹೇಳಿತು ಎಂದು ಕೆಂಚಮ್ಮನಿಗೆ ಸನ್ನೆ ಮಾಡಿದೆ. ಹೇಳದೆ ಏನು ಮಾಡುತ್ತೆ ಎನ್ನುವವಳಂತೆ ಅವಳು ಡಬ್ಬಿ ಬಿಚ್ಚಿದಳು.

ಆ ಎಂಟು ಅಕ್ಷರಗಳನ್ನು ಹಾಕಿ ಹುಡುಕಿದರೆ ಒಂದೇ ಒಂದು ಪುಟ ಬಂತು. ನಮ್ಮದೇ ಕಷ್ಟ ಪಟ್ಟಿದ್ದ ಯಾರೋ ಪುಣ್ಯಾತ್ಮ, ನನಗೆ ಗುರುತೇ ಸಿಗದ ಲಿಪಿಯಲ್ಲಿ ಏನೇನೋ ಬರೆದು, ಕೆಳಗೆ ಡ್ರೈವರಿನ ಫೈಲು ಇಟ್ಟು ಹೋಗಿದ್ದ. ಹಸಿರು ಗುಂಡಿ ಇರಲಿಲ್ಲ, ಅದಕ್ಕೇ ನಂಬಿಕೆ ಬಂತು. ಫೈಲು ಚಿಕ್ಕದು, ಆದರೆ ನಮ್ಮ ತಂತಿಗೆ ಅದೂ ಭಾರ. ಮುಕ್ಕಾಲು ಇಳಿದಾಗ ಊರಿನಲ್ಲಿ ಯಾರೋ ಫೋನ್ ಎತ್ತಿದರು, ಕಡಿದುಹೋಯಿತು. ಮತ್ತೆ ಮೊದಲಿಂದ. ಎರಡನೇ ಸಲವೂ ಕಡಿಯಿತು. ಮರುದಿನ ಪರಮೇಶಪ್ಪನವರ ಮನೆಗೆ ಹೋಗಿ, ಮಧ್ಯಾಹ್ನ ಊರಿನವರು ಯಾರೂ ಫೋನ್ ಎತ್ತಬಾರದೆಂದು ಡಂಗುರ ಸಾರಿಸಿ ಎಂದು ಕೇಳಿಕೊಂಡೆ. ಅವರು ನನ್ನ ಮುಖ ನೋಡಿ, ಕೂಡಲೇ ಸಾರಿಸಿದರು. ಮೂರು ಗಂಟೆಗೆ ಫೈಲು ಪೂರ್ತಿ ಇಳಿಯಿತು. ಹಾಕಿದೆ. ಕಂಪ್ಯೂಟರು ಒಮ್ಮೆ ಆರಿ ಹೊತ್ತಿಕೊಂಡಿತು. ಹಳದಿ ಗುರುತು ಇರಲಿಲ್ಲ.

ಕೆಂಚಮ್ಮನ ಡಿಸ್ಕಿನ ನಲವತ್ತೆಂಟನೆಯ ದಿನ, ಬೆಳಿಗ್ಗೆ ಒಂಬತ್ತಕ್ಕೆ ಅದನ್ನು ನೀಲಿ ಪೋರ್ಟಿಗೆ ಸಿಗಿಸಿದೆ. ಎರಡು ದಿನ ತಿನ್ನುತ್ತಿದ್ದದ್ದು ಮಧ್ಯಾಹ್ನ ಒಂದೂವರೆ ಗಂಟೆಗೆ ಮುಗಿಯಿತು. ಅವಳು ಅವತ್ತು ಡಬ್ಬಿಯನ್ನು ತೆರೆಯಲೂ ಇಲ್ಲ. ಹೊಸ ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು, ಆಮೇಲೆ ನನ್ನ ಮೇಜಿನ ಮೇಲಿದ್ದ ಕಾರ್ಡಿನ ಬಿಳಿ ಪೆಟ್ಟಿಗೆಯನ್ನೂ ಕಣ್ಣಿಗೊತ್ತಿಕೊಂಡಳು. ನಾನು ಮಾಡಿದ ಮೊದಲ ಕೆಲಸವೆಂದರೆ ಡ್ರೈವರಿನ ಫೈಲನ್ನು ಊರಿನ ಸುತ್ತಿಗೆ ಸೇರಿಸಿದ್ದು. ಆ ಎಂಟು ಅಕ್ಷರಗಳನ್ನು ನಕಲುಮನೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿದ್ದೇನೆ, ಮಂಡಲಕ್ಕೊಮ್ಮೆ ತಿದ್ದುತ್ತೇನೆ. ಯಾರ ಹೆಸರು ಎಂದು ಕೇಳಿದವರಿಗೆ ನಮ್ಮ ನೆಂಟರದು ಅನ್ನುತ್ತೇನೆ.

ಊರಿನ ಸುತ್ತು ಈಗ ಹನ್ನೆರಡು ದಿನಕ್ಕೆ ಮುಗಿಯುತ್ತದೆ. ಆಕಾಶದ ವಿಡಿಯೊ, ನಮ್ಮೂರ ಗಾಳಿ ಸೋಕದೆ ಪೇಟೆಯ ಕ್ಯಾಮೆರಾದವನ ಹತ್ತಿರ ಉಳಿದಿದ್ದದ್ದು, ಮರಳಿ ಬಂತು. ಪರಮೇಶಪ್ಪನವರು ನಕಲುಮನೆಗೇ ಬಂದು ಬೆನ್ನು ತಟ್ಟಿದರು. "ಭೇಷ್ ಕಣಯ್ಯ. ಇನ್ನು ನೀನು ಕುಂತು ನೋಡೋದೂ ಬ್ಯಾಡ. ಸಿಗಿಸಿ ಮನೀಗೆ ಹೋಗು, ಉಂಡು ಬರೋದ್ರಾಗೆ ಆಗಿರ್ತತೆ."

ಮಾತು ನಿಜ. ಈಗ ಕೂತು ನೋಡುತ್ತೇನೆ ಎಂದರೂ ಆಗದು. ಪಂಕ್ತಿಯಲ್ಲಿ ಹೋಳಿಗೆ ಬರುವ ಮೊದಲೇ ಮದುವೆ ಮುಗಿದಿರುತ್ತದೆ.

ಮುಂದಿನ ಮಂಡಲ ಕೆಂಚಮ್ಮ ತನ್ನ ಸರದಿಗೆ ಬಂದಳು. ರೂಢಿಯಂತೆ ಎರಡು ದಿನದ ಹೊಲಿಗೆ ತಂದಿದ್ದಳು, ಹತ್ತು ರವಿಕೆಯಾದರೂ ಇತ್ತು. ಎರಡು ರವಿಕೆಯ ಗುಂಡಿ ಹೊಲಿಯುವಷ್ಟರಲ್ಲಿ ನಕಲು ಮುಗಿಯಿತು. ಪರದೆಯಲ್ಲಿ ಬೊಮ್ಮಕ್ಕ ಇನ್ನೂ ಉಪ್ಪಿನಕಾಯಿಯ ಮೊದಲ ಭರಣಿಗೆ ಉಪ್ಪು ಹಾಕುತ್ತಿದ್ದಳು. ನಾನು ಡಿಸ್ಕು ಬಿಚ್ಚಿ ಕೊಟ್ಟೆ. ಕೆಂಚಮ್ಮ ಗಡಿಯಾರ ನೋಡಿದಳು, ಉಳಿದ ರವಿಕೆಗಳನ್ನು ನೋಡಿದಳು, ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡಳು. ಮನೆಗೆ ಹೋದರೆ ಅವಳ ಸನ್ನೆ ತಿಳಿಯುವವರು ಯಾರಿದ್ದಾರೆ? ಡಬ್ಬಿಯಲ್ಲಿದ್ದ ಇಬ್ಬರ ಊಟದಲ್ಲಿ ನನ್ನ ಪಾಲನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಆವತ್ತು ಒಬ್ಬನೇ ಉಂಡೆ. ಚೆನ್ನಾಗಿಯೇ ಇತ್ತು, ಸೇರಲಿಲ್ಲ.

ಅದರ ಮುಂದಿನ ಮಂಡಲ ಊರಿನ ಎಲ್ಲ ಡಿಸ್ಕುಗಳನ್ನೂ ನೀಲಿ ಪೋರ್ಟಿನಲ್ಲಿ ಮುಗಿಸಿ ಕೆಂಚಮ್ಮನದನ್ನು ಕೊನೆಗಿಟ್ಟುಕೊಂಡೆ. ಅವಳು ಈ ಸಲ ಬರಿಗೈಯಲ್ಲಿ ಬಂದು ಬಾಗಿಲಲ್ಲೇ ನಿಂತಳು. ನಾನು ಅವಳ ಡಿಸ್ಕನ್ನು ಹಳೆಯ ಪೋರ್ಟಿಗೆ ಸಿಗಿಸಿದೆ. ಪರದೆ ಎರಡು ದಿನ ಎಂದು ತೋರಿಸಿತು. ಅವಳು ನೀಲಿ ಪೋರ್ಟನ್ನು ಬೆರಳಿಟ್ಟು ತೋರಿಸಿ, ಇದು ಕೆಟ್ಟಿತಾ ಎಂದು ಕೈ ತಿರುಗಿಸಿದಳು. ಇಲ್ಲ, ಚೆನ್ನಾಗಿದೆ ಎಂದೆ. ಮತ್ತೆ ಇದ್ಯಾಕೆ ಎಂದು ಹುಬ್ಬು ಹಾರಿಸಿದಳು.

ನಾನು ಪಕ್ಕದ ಸ್ಟೂಲನ್ನು ಎಳೆದು ಅದರ ಮೇಲಿನ ದೂಳು ಒರೆಸಿ, ಅಂಗೈಯಿಂದ ಎರಡು ಸಲ ತಟ್ಟಿದೆ. ಬೊಮ್ಮಕ್ಕ ಪ್ರತಿ ವಿಡಿಯೊದ ಶುರುವಿನಲ್ಲಿ ಜಗಲಿ ತಟ್ಟಿ ಮಗಳಿಗೆ ಹಾಗೆ ಹೇಳುತ್ತಾಳೆ. ಕೂತ್ಕೊ, ಅವಸರ ಏನಿದೆ. ತಟ್ಟುವಾಗ ನನ್ನ ಕಿರುಬೆರಳು ಒಳಕ್ಕೆ ಬಾಗಿತ್ತು, ಅದನ್ನು ನಾನು ನೇರ ಮಾಡಲಿಲ್ಲ. ಕೆಂಚಮ್ಮ ಹೊಲಿಗೆಯ ಚೀಲ ತರಲು ಮನೆಗೆ ಓಡಿದಳು.